ರೈಸ್ ಮನೆತನ: ಅಪ್ಪ ಪಾದ್ರಿ, ಒಬ್ಬ ಮಗ ಶಾಸನಗಳ ಹಿಂದೆ, ಇನ್ನೊಬ್ಬ ಮಗ ನಮ್ಮ ಚಿಕ್ಕಬಳ್ಳಾಪುರದಲ್ಲಿ

ನಂದಿ ತಪ್ಪಲು
ಭಾನುವಾರ, ರಾತ್ರಿ 8:15

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ಈಗ ನಿವೃತ್ತಿಯಾಗಿದ್ದೇನೆ. ಒಂದು ಮನೆತನದ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಆದರೆ ಮೊದಲು ನಮ್ಮೂರಿನ ಒಂದು ಕಲ್ಲಿನ ಕಥೆ ಹೇಳಬೇಕು.

ನಮ್ಮೂರ ಹಾಲಿನ ಡೈರಿ ಹಿಂದೆ, ಹೊಂಗೆ ಮರದ ಬುಡದಲ್ಲಿ, ಸೊಂಟದ ಎತ್ತರಕ್ಕೆ ಒಂದು ಕಲ್ಲು ನಿಂತಿದೆ. ಕೆಳಗಿನ ಭಾಗ ಮಣ್ಣಿನಲ್ಲಿ ಹೂತಿದೆ. ನಮ್ಮಜ್ಜಿ ಅದನ್ನು ವೀರಪ್ಪ ಅನ್ನುತ್ತಿದ್ದರು. ಮನೆಯಲ್ಲಿ ಹಸು ಕರು ಹಾಕಿದರೆ ಮೊದಲ ದಿನದ ಗಿಣ್ಣು ಹಾಲನ್ನು ಚಿಕ್ಕ ಲೋಟದಲ್ಲಿ ತೆಗೆದುಕೊಂಡು ಹೋಗಿ ಆ ಕಲ್ಲಿನ ನೆತ್ತಿ ಮೇಲೆ ಬಿಡುತ್ತಿದ್ದರು. ಯಾಕಜ್ಜಿ ಅಂತ ಕೇಳಿದರೆ, "ಹಿಂದಿನಿಂದ ನಡೆದು ಬಂದದ್ದು, ಬಿಡಬಾರದು" ಅನ್ನೋರು. ಅಷ್ಟೇ.

ಎರಡು ತಿಂಗಳ ಹಿಂದೆ ಬೇರೆ ಏನನ್ನೋ ಹುಡುಕಲು ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನಮಾಲೆಯ 10ನೇ ಸಂಪುಟ ತೆರೆದೆ. ಅದು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. 1905ರಲ್ಲಿ ಅಚ್ಚಾದದ್ದು. ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 2007ರಲ್ಲಿ ಅಲ್ವಾ. ನಮ್ಮ ತಾಲ್ಲೂಕಿನ ಪುಟಗಳನ್ನು ತಿರುವುತ್ತಿದ್ದಾಗ ನಮ್ಮೂರ ಹೆಸರು ಸಿಕ್ಕಿತು. ಕಾಗುಣಿತ ಹಳೆಯದು, ಆದರೆ ನಮ್ಮೂರೇ. ಊರ ಬಡಗಣ ದಿಕ್ಕಿನ ಕಲ್ಲು ಅಂತ ಹಾಕಿದ್ದಾರೆ. ಕೆಳಗೆ ಕೆಲವೇ ಸಾಲು ಹಳಗನ್ನಡ. ಮೊದಲ ಸಾಲು ಒಡೆದು ಹೋಗಿದೆ. ನಡುವೆ ಮೂರು ಮಾತು ಮಾತ್ರ ಗಟ್ಟಿಯಾಗಿ ನಿಂತಿವೆ. ತುಱು, ಮಗುೞ್ಚಿ, ಸತ್ತ.

ತುಱು ಅಂದರೆ ದನ, ಮಗುೞ್ಚಿ ಅಂದರೆ ಹಿಂದಕ್ಕೆ ತಿರುಗಿಸಿ. ದನಗಳನ್ನು ಬಿಡಿಸಿಕೊಂಡು ಬಂದು ಪ್ರಾಣ ಬಿಟ್ಟವನ ಕಲ್ಲು ಅದು. ನಮ್ಮಜ್ಜಿ ಗಿಣ್ಣು ಬಿಡುತ್ತಿದ್ದದ್ದು ಆತನಿಗೆ. ಪುಟ ತೆರೆದಿಟ್ಟುಕೊಂಡು ತುಂಬಾ ಹೊತ್ತು ಹಾಗೇ ಕೂತಿದ್ದೆ.

ಆಮೇಲೆ, ಇದನ್ನು ಬರೆದಿಟ್ಟವರು ಯಾರು ಅಂತ ಹುಡುಕುತ್ತಾ ಹೋದೆ. ಹೆಸರು ನಮಗೆಲ್ಲ ಗೊತ್ತಿರುವುದೇ, ಬಿ. ಎಲ್. ರೈಸ್. ಶಾಸನ ಪಿತಾಮಹ ಅಂತ ಪಾಠದಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅವರ ಮನೆಯ ಕಥೆ ನನಗೆ ಗೊತ್ತಿರಲಿಲ್ಲ.

ಅಪ್ಪ ಬೆಂಜಮಿನ್ ರೈಸ್, ಲಂಡನ್ ಮಿಷನ್ ಪಾದ್ರಿ. ಬೆಂಗಳೂರಿಗೆ ಬಂದದ್ದು 1837ರ ಜನವರಿಯಲ್ಲಿ. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಲ್ಲೇ ಮಗ ಹುಟ್ಟಿದ. ಆ ಮಗನೇ ನಮ್ಮ ಬಿ. ಎಲ್., ಅಂದರೆ ಬೆಂಜಮಿನ್ ಲೂಯಿಸ್ ರೈಸ್. ಓದಿದ್ದು ಇಂಗ್ಲೆಂಡಿನಲ್ಲಿ. 1860ರಲ್ಲಿ ವಾಪಸು ಬಂದು ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜಾದದ್ದು ಅದೇ ಶಾಲೆ. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರು. ಹೋಬಳಿಗೊಂದು ಶಾಲೆ ಇರಬೇಕು ಅಂತ 1868ರ ಹೊತ್ತಿಗೆ ಯೋಜನೆ ಹಾಕಿದವರು ಅವರೇ. ಅಪ್ಪ ದೇವರ ಕೆಲಸಕ್ಕೆ ಬಂದರು, ಮಗ ಸರ್ಕಾರದ ಕೆಲಸಕ್ಕೆ ಸೇರಿದರು.

ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್. ಇವರು ಅಪ್ಪನ ದಾರಿ ಹಿಡಿದು ಪಾದ್ರಿಯಾದರು. ಕೆಲಸ ಮಾಡಿದ ಊರುಗಳಲ್ಲಿ ನಮ್ಮ ಚಿಕ್ಕಬಳ್ಳಾಪುರವೂ ಒಂದು! ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪುಟ್ಟ ಪುಸ್ತಕವಾಗಿ 1915ರಲ್ಲಿ ಬರೆದರು. 1921ರಲ್ಲಿ ಎರಡನೇ ಮುದ್ರಣ ಬಂತು. ಹೊರಗಿನವರು ಪಂಪ, ಬಸವಣ್ಣ, ಪುರಂದರದಾಸರ ಬಗ್ಗೆ ಮೊದಲು ತಿಳಿದುಕೊಳ್ಳಲು ಕೈಗೆತ್ತಿಕೊಳ್ಳುತ್ತಿದ್ದದ್ದು ಬಹಳ ಕಾಲ ಆ ಪುಸ್ತಕವನ್ನೇ.

ಮೂವತ್ತು ವರ್ಷ ಇದೇ ಊರ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಶಾಲೆಗೆ ಹೋಗಿದ್ದೇನೆ. ಇದು ನನಗೆ ಗೊತ್ತಿರಲಿಲ್ಲ. ಅದರ ಸಂಕಟದಿಂದಲೇ ಬರೆಯುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯಲ್ಲಿ ಇಂಥ ಬೇರೆ ಮನೆತನಗಳ ಕಥೆಯಿದ್ದರೂ ಬರಲಿ.

ಸಭೆ ಮನೆ
ಭಾನುವಾರ, ರಾತ್ರಿ 9:40

ಮೇಷ್ಟ್ರೇ ನಮಸ್ಕಾರ. ನಿಮ್ಮ ಬರಹ ಓದಿ ಅಮ್ಮನಿಗೂ ಓದಿ ಹೇಳಿದೆ. ನಮ್ಮದು ಚಿಕ್ಕಬಳ್ಳಾಪುರದ ಹಳೇ ಕ್ರೈಸ್ತ ಮನೆ. ರೈಸ್ ಅಯ್ಯನವರು ಅನ್ನುವ ಹೆಸರು ಅಮ್ಮನಿಗೆ ಅವರ ತಾತನ ಬಾಯಿಂದ ಕೇಳಿ ನೆನಪಿದೆ.

ನೀವು ಬೇರೆ ಮನೆತನಗಳ ಕಥೆಯೂ ಬರಲಿ ಅಂದಿರಿ. ಹಾಗಾಗಿ ಹೇಳುತ್ತೇನೆ. ನಮ್ಮ ಮುತ್ತಜ್ಜ ಉಪದೇಶಿ. ಪಾದ್ರಿಗಳ ಕೆಳಗೆ ಹಳ್ಳಿಹಳ್ಳಿಗೆ ನಡೆದು ಹೋಗಿ ಪಾಠ, ಪ್ರಾರ್ಥನೆ ನಡೆಸುವವರನ್ನು ಉಪದೇಶಿ ಅನ್ನುತ್ತಿದ್ದರು. ಸಂಬಳ ತೀರಾ ಕಡಿಮೆ. ಸಂತೆ ದಿನ ಸಂತೆಗೆ, ಬೇರೆ ದಿನ ಹಳ್ಳಿಗೆ. ಬಿಳಿ ಪಂಚೆ, ಕರಿ ಕೋಟು, ತಲೆಗೆ ರುಮಾಲು. ಅವರ ಮಗ, ಅಂದರೆ ನಮ್ಮ ಅಜ್ಜ, ಸರ್ಕಾರಿ ಶಾಲೆ ಹೆಡ್ ಮೇಷ್ಟ್ರು. ಅಮ್ಮ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ಕಲಿತು ಆಮೇಲೆ ಸರ್ಕಾರಿ ಆಸ್ಪತ್ರೆಗೆ ಬಂದರು. ನಮ್ಮಣ್ಣ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿ. ನಾನು ಗ್ರಾಮ ಆಡಳಿತ ಅಧಿಕಾರಿ, ಹಳೇ ಹೆಸರಲ್ಲಿ ಗ್ರಾಮ ಲೆಕ್ಕಿಗಳು.

ನಾಲ್ಕು ತಲೆಮಾರಿನಲ್ಲಿ ಒಮ್ಮೆ ಸಭೆಯ ಕೆಲಸ, ಒಮ್ಮೆ ಸರ್ಕಾರದ ಕೆಲಸ. ನಮ್ಮಲ್ಲಿ ಎರಡೂ ಒಂದೇ ಅನ್ನುವ ಹಾಗೆ ಬೆಳೆಸಿದರು. ಕಾಯಿಲೆ ಬಿದ್ದವರ ಮನೆಗೆ ಅಣ್ಣ ಪ್ರಾರ್ಥನೆಗೆ ಹೋದರೆ, ಅದೇ ಮನೆಗೆ ವಿಧವಾ ವೇತನದ ಅರ್ಜಿ ಹಿಡಿದು ನಾನು ಹೋಗಿದ್ದೂ ಇದೆ.

ಮುತ್ತಜ್ಜನ ಕನ್ನಡ ಬೈಬಲ್ ಇನ್ನೂ ನಮ್ಮ ಬೀರುವಿನಲ್ಲಿದೆ. ರಟ್ಟು ಕಿತ್ತು ಹೋಗಿದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಕ್ಷರ. ಕಷ್ಟದ ಪದ ಬಂದ ಕಡೆಯೆಲ್ಲ ಪಕ್ಕದಲ್ಲಿ ಹಳ್ಳಿಯ ಮಾತು ಬರೆದುಕೊಂಡಿದ್ದಾರೆ. ಒಂದು ಕಡೆ ದ್ರಾಕ್ಷಾಬಳ್ಳಿ ಅನ್ನುವುದರ ಪಕ್ಕ "ಅವರೆ ಚಪ್ಪರದ ಹಾಗೆ" ಅಂತಿದೆ. ಈಗ ನಮ್ಮ ಸೀಮೆ ತುಂಬಾ ದ್ರಾಕ್ಷಿ ತೋಟ. ಆಗ ಕೇಳುವವರಿಗೆ ದ್ರಾಕ್ಷಿ ಬಳ್ಳಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಆ ಬೈಬಲಿನ ಕನ್ನಡವನ್ನು ತಿದ್ದಿದವರಲ್ಲಿ ದೊಡ್ಡ ರೈಸ್, ಅಂದರೆ ಬೆಂಜಮಿನ್ ರೈಸ್ ಅವರೂ ಒಬ್ಬರು. ಬೆಂಗಳೂರಿನ ಅವೆನ್ಯೂ ರಸ್ತೆಯ ಗಲಾಟೆ ನಡುವೆ ರೈಸ್ ಸ್ಮಾರಕ ಚರ್ಚ್ ಇದೆಯಲ್ಲ, ಅದು ಅವರ ಹೆಸರಿನದು. ಶಾಸನದ ರೈಸ್ ಅವರದು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ.

ಪಿನಾಕಿನಿ ದಂಡೆ
ಸೋಮವಾರ, ಬೆಳಿಗ್ಗೆ 7:05

ನಾನು ಗೌರಿಬಿದನೂರಿನವನು. ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ.

ಮಿಷನರಿಗಳು ಇಲ್ಲಿಗೆ ಬಂದದ್ದು ಮತ ಬದಲಿಸಲು. ಲೂಯಿಸ್ ರೈಸ್ ಬ್ರಿಟಿಷರ ಆಡಳಿತ ಇದ್ದಾಗ ಬೆಳೆದ ಅಧಿಕಾರಿ. ಇದನ್ನು ಬದಿಗಿಟ್ಟು ಬರೀ ಹೊಗಳಿದರೆ ಅರ್ಧ ಕಥೆ ಆಗುತ್ತದೆ. ಇನ್ನೊಂದು, ಸಂಪುಟದ ಮೇಲೆ ಒಬ್ಬರ ಹೆಸರಿದೆ. ಆದರೆ ಸುಮಾರು 9 ಸಾವಿರ ಶಾಸನ ಒಬ್ಬರಿಂದ ಆಗುವ ಕೆಲಸವೇ? ಬಿಸಿಲಲ್ಲಿ ಕಲ್ಲು ಉಜ್ಜಿದವರು, ಅಕ್ಷರವನ್ನು ಕಾಗದಕ್ಕೆ ಇಳಿಸಿ ಪಡಿಯಚ್ಚು ತೆಗೆದವರು, ಹಳಗನ್ನಡ ಬಿಡಿಸಿ ಹೇಳಿದ ಪಂಡಿತರು, ದಾರಿ ತೋರಿಸಿದ ತಳವಾರರು, ಇವರೆಲ್ಲ ನಮ್ಮವರು. ಅವರ ಮನೆತನದ ಬಗ್ಗೆ ಯಾರು ಚರ್ಚೆ ಶುರು ಮಾಡುತ್ತಾರೆ?

ಬೇಸರ ಮಾಡಿಕೊಳ್ಳಬೇಡಿ. ನನಗೆ ಇದು ತುಂಬಾ ದಿನದಿಂದ ಕೊರೆಯುತ್ತಿರುವ ಪ್ರಶ್ನೆ.

ನಂದಿ ತಪ್ಪಲು
ಸೋಮವಾರ, ಬೆಳಿಗ್ಗೆ 10:20

ಬೇಸರ ಏನಿಲ್ಲ ಸರ್. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಮೊದಲನೆಯದು. ಬೆಂಜಮಿನ್ ರೈಸ್ ಬಂದದ್ದು ಕ್ರೈಸ್ತ ಮತ ಹರಡಲು. ಅದನ್ನು ಅವರು ಮುಚ್ಚಿಟ್ಟುಕೊಂಡವರಲ್ಲ. ಮಗ ಎಡ್ವರ್ಡ್ ಅಪ್ಪನ 50 ವರ್ಷದ ಸೇವೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. 1837ರಿಂದ 1887ರವರೆಗೆ, ಸಾಯುವ ತನಕ ಇಲ್ಲೇ. ಆ ಗುರಿಯನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಆ ಮಿಷನ್ನಿನ ಹೆಂಗಸರು 1840ರ ಹೊತ್ತಿಗೇ ಬೆಂಗಳೂರು ಪೇಟೆಯಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆ ಶಾಲೆ ತೆರೆಯಲು ಕೈ ಹಾಕಿದರು. ಶ್ರೀಮತಿ ಸ್ಯೂಯೆಲ್ ಮತ್ತು ಶ್ರೀಮತಿ ರೈಸ್. ನಾನು ಹೆಣ್ಣುಮಕ್ಕಳಿಗೆ ಪಾಠ ಹೇಳಿ ಬದುಕಿದವನು. ಅದನ್ನು ಸಣ್ಣದು ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಎರಡನೆಯದರಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. ಒಂದು ಹೆಸರು ಮಾತ್ರ ಎಲ್ಲರ ಬಾಯಲ್ಲಿದೆ, ಆರ್. ನರಸಿಂಹಾಚಾರ್. 1899ರಿಂದ ರೈಸ್ ಅವರ ಕೈಕೆಳಗೆ ಕೆಲಸ ಮಾಡಿದರು. 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದರು. ಅವರು ಬರೆದ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಬಂದದ್ದು 1907ರಲ್ಲಿ. ತಮ್ಮ ರೈಸ್ ಚಿಕ್ಕಬಳ್ಳಾಪುರದ ಕಡೆಯ ಕೆಲಸದ ಜೊತೆಗೇ ಸಾಹಿತ್ಯ ಚರಿತ್ರೆ ಬರೆಯಲು ಆದದ್ದು ಆ ಕವಿಚರಿತೆ ಮುಂದಿದ್ದದ್ದರಿಂದ. ಅಣ್ಣನ ಇಲಾಖೆಯಲ್ಲಿ ಬೆಳೆದ ಪಂಡಿತರ ಕೆಲಸ ತಮ್ಮನ ಪುಸ್ತಕಕ್ಕೆ ಆಧಾರವಾಯಿತು. ನನಗೆ ಈ ನಂಟು ತುಂಬಾ ದೊಡ್ಡದಾಗಿ ಕಾಣುತ್ತದೆ.

ಕಲ್ಲು ಉಜ್ಜಿದವರ ಹೆಸರು ಮಾತ್ರ ನನ್ನ ಕೈಗೂ ಸಿಕ್ಕಿಲ್ಲ.

ಗುಬ್ಬಿ ಸಂತೆ
ಸೋಮವಾರ, ಮಧ್ಯಾಹ್ನ 1:30

ತುಮಕೂರಿನ ಕಡೆಯಿಂದ ನಾನೂ ಸೇರಿಕೊಳ್ಳುತ್ತೇನೆ. ನಮ್ಮ ಜಿಲ್ಲೆಯದು 12ನೇ ಸಂಪುಟ, 1904ರಲ್ಲಿ ಬಂದದ್ದು. ಲೆಕ್ಕದಲ್ಲಿ ಕೊನೆಯ ಸಂಪುಟ, ಆದರೆ ಅಚ್ಚಾದದ್ದು ಕೋಲಾರದ್ದಕ್ಕಿಂತ ಮೊದಲು. ಅದರಲ್ಲಿ ಮಧುಗಿರಿಯನ್ನು ಹುಡುಕುವವರು ಮದ್ದಗಿರಿ ಅಂತ ನೋಡಬೇಕು. ನಮ್ಮ ಗುಬ್ಬಿಗೆ ವೆಸ್ಲಿಯನ್ ಮಿಷನ್ನಿನವರು ಬಂದದ್ದೂ 1837ರಲ್ಲೇ. ದೊಡ್ಡ ರೈಸ್ ಬೆಂಗಳೂರಿಗೆ ಬಂದ ವರ್ಷವೇ.

ನಮ್ಮದು ಅರ್ಚಕರ ಮನೆ. ಮುತ್ತಾತ ದೇವಸ್ಥಾನದ ಪೂಜೆ ಮಾಡುತ್ತಿದ್ದರು. ಅವರ ತಮ್ಮನ ಕವಲು ಶಾನುಭೋಗಿಕೆ. ಒಂದೇ ಪಡಸಾಲೆಯಲ್ಲಿ ಒಂದು ಕಡೆ ಪಂಚಾಂಗ, ಇನ್ನೊಂದು ಕಡೆ ಊರ ಲೆಕ್ಕ. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗುವ ಕಾಯ್ದೆ 1961ರಲ್ಲಿ ಬಂತು, ಜಾರಿಯಾದದ್ದು 1963ರಲ್ಲಿ. ಆವತ್ತಿಗೆ ನಮ್ಮ ಮನೆಯ ಶಾನುಭೋಗಿಕೆ ಮುಗಿಯಿತು. ಇನಾಮು ಜಮೀನು ಅದಕ್ಕೂ ಮುಂಚೆಯೇ ಹೋಗಿತ್ತು. ತಾತ ಸ್ವಲ್ಪ ದಿನ ಮಂಕಾಗಿ ಕೂತಿದ್ದರಂತೆ. ಆಮೇಲೆ ಅಪ್ಪನನ್ನು ಕರೆದು, "ಇನ್ನು ಓದಿಯೇ ಕೆಲಸ ತಗೋಬೇಕು, ಹುಟ್ಟಿದ್ದಕ್ಕೆ ಯಾರೂ ಕೊಡೋದಿಲ್ಲ" ಅಂದರಂತೆ. ಅಪ್ಪ ಮೇಷ್ಟ್ರಾದರು. ಅಕ್ಕ ಕೆಎಎಸ್ ಬರೆದು ಪಾಸಾದಳು. ಪೂಜೆ ಈಗ ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ, ಮುಜರಾಯಿ ಇಲಾಖೆ ಪೂಜೆಗೆ ಕೊಡುವ ತಸ್ತೀಕಿನ ಹಣದಲ್ಲಿ.

ಆ ಕಾಯ್ದೆ ಸರಿಯಾದದ್ದೇ. ಶಾನುಭೋಗರ ಲೆಕ್ಕದಿಂದ ಕಷ್ಟಪಟ್ಟವರೂ ಊರಲ್ಲಿ ಇದ್ದರು. ಅದನ್ನು ತಾತನೇ ಒಪ್ಪುತ್ತಿದ್ದರು.

ಹೇಳಬೇಕು ಅಂದುಕೊಂಡದ್ದು ಕಡತದ ಬಗ್ಗೆ. ನಮ್ಮ ಅಟ್ಟದ ಮೇಲೆ ಎರಡು ಕಡತ ಇವೆ. ಈಗ ಕಡತ ಅಂದರೆ ಆಫೀಸಿನ ಫೈಲು ಅಂದುಕೊಳ್ಳುತ್ತಾರೆ. ನಿಜವಾದ ಕಡತ ಬಟ್ಟೆಯದು. ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿರುತ್ತಾರೆ. ಕರಿ ಹಲಗೆಯ ಹಾಗೆ ಇರುತ್ತದೆ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಮೈಸೂರು ಗೆಜೆಟಿಯರಿನಲ್ಲಿ ರೈಸ್ ಈ ಕಡತದ ಬಗ್ಗೆ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಅಟ್ಟ ಹತ್ತಿ ಇಳಿಸಿದೆ. ಒಂದರ ಮಡಿಕೆಗಳು ಅಂಟಿಕೊಂಡಿವೆ. ಇನ್ನೊಂದು ತೆರೆಯಿತು. ಬೆರಳಿಗೆ ಕಪ್ಪು ಹತ್ತಿತು. ಬಿಳಿ ಅಕ್ಷರ ಇನ್ನೂ ಇತ್ತು. ಕೆರೆ ಕೆಳಗಿನ ಗದ್ದೆಗಳ ಲೆಕ್ಕ. ಉಸಿರು ಬಿಟ್ಟರೆ ಅಳಿಸಿ ಹೋದೀತು ಅಂತ ಹೆದರಿ ಮಡಚಿಟ್ಟುಬಿಟ್ಟೆ.

ಸಭೆ ಮನೆ
ಸೋಮವಾರ, ಮಧ್ಯಾಹ್ನ 2:10

ಗುಬ್ಬಿ ಅಣ್ಣ, ದಯವಿಟ್ಟು ಅದನ್ನು ಬಟ್ಟೆಯಿಂದ ಒರೆಸಬೇಡಿ. ಇದ್ದ ಹಾಗೇ ಒಂದೊಂದು ಮಡಿಕೆ ಬಿಚ್ಚಿ ಫೋಟೋ ತೆಗೆದುಕೊಳ್ಳಿ. ಅಂಟಿರುವುದನ್ನು ಬಲವಂತವಾಗಿ ಎಳೆಯಬೇಡಿ.

ನಿಮ್ಮ ತಾತ ಕಡತದಲ್ಲಿ ಬರೆದ ಲೆಕ್ಕವೇ ಆಮೇಲೆ ಕೈಬರಹದ ಪಹಣಿ ಆಯಿತು. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಹೋಯಿತು. ನಾನು ದಿನಾ ನೋಡುವುದು ಅದನ್ನೇ. ಉಪದೇಶಿಯ ಮರಿಮಗಳು ಶಾನುಭೋಗರ ಲೆಕ್ಕ ಮುಂದುವರಿಸುತ್ತಿದ್ದಾಳೆ ನೋಡಿ.

ಕುವಲಾಲ
ಸೋಮವಾರ, ಸಂಜೆ 6:45

ಕೋಲಾರದಿಂದ. ಇತಿಹಾಸ ನನ್ನ ಓದಿನ ವಿಷಯ. ಒಂದೆರಡು ವಿಚಾರ ಸೇರಿಸುತ್ತೇನೆ.

ಪಿನಾಕಿನಿ ಸರ್ ಹೇಳಿದ ಹಾಗೆ ಹೊಗಳಿಕೆ ಮಾತ್ರ ಸಾಲದು. ರೈಸ್ ಅವರ ತೀರ್ಮಾನಗಳನ್ನು ಅವರ ಕಾಲದಲ್ಲೇ ಪ್ರಶ್ನೆ ಮಾಡಿದವರಿದ್ದರು. ಗಂಗರ ತಾಮ್ರಪಟಗಳಲ್ಲಿ ಹಲವು ಖೋಟಾ ಅಂತ ಇನ್ನೊಬ್ಬ ಶಾಸನ ವಿದ್ವಾಂಸ ಜೆ. ಎಫ್. ಫ್ಲೀಟ್ ಹಟ ಹಿಡಿದು ವಾದಿಸಿದರು. ರೈಸ್ ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. ಎಲ್ಲದರಲ್ಲೂ ರೈಸ್ ಅವರೇ ಸರಿ ಅಂತ ಈಗ ಯಾರೂ ಹೇಳುವುದಿಲ್ಲ. ಆದರೆ ವಾದ ಮಾಡಲು ಪಾಠ ಮುಂದೆ ಇತ್ತಲ್ಲ, ಅದನ್ನು ಅಚ್ಚು ಹಾಕಿಸಿದ್ದು ಅವರು. ಮೂಲ, ರೋಮನ್ ಅಕ್ಷರ, ಅನುವಾದ, ಮೂರನ್ನೂ ಕೊಟ್ಟರು. ತಪ್ಪಿದ್ದರೆ ಯಾರು ಬೇಕಾದರೂ ಹಿಡಿಯಬಹುದಿತ್ತು.

ಗಂಗರ ಬಿರುದು ನಮ್ಮ ಎರಡೂ ಜಿಲ್ಲೆಯವರು ಬಾಯಿಪಾಠ ಮಾಡಬೇಕಾದದ್ದು. ಕುವಲಾಲಪುರವರೇಶ್ವರ, ನಂದಗಿರಿನಾಥ. ಮೊದಲನೆಯದು ಕೋಲಾರ, ಎರಡನೆಯದು ನಂದಿಬೆಟ್ಟ. ನನ್ನ ಹೆಸರು ಇಲ್ಲಿ ಕುವಲಾಲ ಅಂತ ಇಟ್ಟುಕೊಂಡದ್ದು ಅದಕ್ಕೇ. ಎರಡೂ ಜಿಲ್ಲೆ ಈಗ ಬೇರೆ ಇರಬಹುದು, ಒಬ್ಬನೇ ರಾಜನ ಬಿರುದಿನಲ್ಲಿ ಅಕ್ಕಪಕ್ಕ ಕೂತಿವೆ.

ಇನ್ನು ರೈಸ್ ಅವರು ಶಾಸನದ ಕೆಲಸಕ್ಕೆ ಬಂದ ದಾರಿ. ಮೇಜರ್ ಡಿಕ್ಸನ್ ಅನ್ನುವವರು 1865ರಲ್ಲಿ ಸಂಸ್ಥಾನದ ಹಲವು ಶಾಸನಗಳ ಫೋಟೋ ತೆಗೆದಿದ್ದರು. ಅವನ್ನು ಓದಿ ಅನುವಾದ ಮಾಡುವ ಕೆಲಸ ಆಮೇಲೆ ರೈಸ್ ಅವರ ಪಾಲಿಗೆ ಬಂತು. 1879ರಲ್ಲಿ ಮೈಸೂರು ಶಾಸನಗಳು ಅನ್ನುವ ಪುಸ್ತಕ ಬಂತು. ಶಾಲೆ ತನಿಖೆಗೆ ಊರೂರು ತಿರುಗುವಾಗ ಕಲ್ಲುಗಳು ಕಣ್ಣಿಗೆ ಬೀಳುತ್ತಲೇ ಇದ್ದವು. 1880ರ ದಶಕದಲ್ಲಿ ಪುರಾತತ್ವ ಇಲಾಖೆ ಶುರುವಾಯಿತು. 1886ರಲ್ಲಿ ಕೊಡಗಿನ ಸಂಪುಟದಿಂದ ಮೊದಲಾಗಿ 1905ಕ್ಕೆ 12 ಸಂಪುಟ ಮುಗಿಯಿತು. ನಡುವೆ 1892ರಲ್ಲಿ ಮೊಳಕಾಲ್ಮೂರಿನ ಕಡೆ, ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನ ಸಿಕ್ಕಿತು. ನಮ್ಮ ನಾಡಿನ ಇತಿಹಾಸ ಒಂದೇ ಸಲಕ್ಕೆ ನೂರಾರು ವರ್ಷದಷ್ಟು ಹಿಂದಕ್ಕೆ ಹೋದ ಹಾಗಾಯಿತು.

ಶಿಡ್ಲಘಟ್ಟ ಹುಡುಗ
ಸೋಮವಾರ, ರಾತ್ರಿ 9:00

ನಮಸ್ತೆ. ನಾನು ಡಿಗ್ರಿ ಓದುತ್ತಿದ್ದೇನೆ. ಅಪ್ಪ ರೇಷ್ಮೆ ಗೂಡಿನ ವ್ಯಾಪಾರ. ನಮ್ಮೂರ ಕೆರೆ ಏರಿ ಮೇಲೂ ಕತ್ತಿ ಹಿಡಿದ ಮನುಷ್ಯನ ಕಲ್ಲಿದೆ. ಅದು ರೈಸ್ ಪುಸ್ತಕದಲ್ಲಿ ಇದೆಯಾ ಅಂತ ಹೇಗೆ ನೋಡುವುದು? ಹಳಗನ್ನಡ ನನಗೆ ಓದಲು ಬರುವುದಿಲ್ಲ.

ಕುವಲಾಲ
ಸೋಮವಾರ, ರಾತ್ರಿ 9:35

ತಮ್ಮ, ಕಷ್ಟ ಏನಿಲ್ಲ. 10ನೇ ಸಂಪುಟ ಅಂತರ್ಜಾಲದಲ್ಲಿ ಸ್ಕ್ಯಾನ್ ಆಗಿ ಸಿಗುತ್ತದೆ. ಮೊದಲು ತಾಲ್ಲೂಕು ಹುಡುಕು, ಶಿಡ್ಲಘಟ್ಟ ಬೇರೆಯೇ ವಿಭಾಗ. ಒಂದೊಂದು ತಾಲ್ಲೂಕಿಗೂ 1ರಿಂದ ಸಂಖ್ಯೆ ಶುರುವಾಗುತ್ತದೆ. ಪ್ರತಿ ಶಾಸನದ ಮೇಲೆ ಯಾವ ಊರು, ಎಲ್ಲಿ ಇದೆ ಅಂತ ಬರೆದಿರುತ್ತಾರೆ. ಗುಡಿ ಮುಂದೆ, ಕೆರೆ ತೂಬಿನ ಹತ್ತಿರ, ಇಂಥವರ ಹೊಲದಲ್ಲಿ, ಹೀಗೆ. ಹೋಬಳಿಗಳು ಆಮೇಲೆ ಅದಲುಬದಲಾಗಿವೆ, ಅಕ್ಕಪಕ್ಕದ ತಾಲ್ಲೂಕನ್ನೂ ನೋಡು. ಬಂಗಾರಪೇಟೆ ಕಡೆಯವರಾದರೆ ಬೌರಿಂಗ್‌ಪೇಟೆ ಅಂತ ನೋಡಬೇಕು. ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಆಗ ಹಾಗೆ ಕರೆಯುತ್ತಿದ್ದರು.

ಇಲ್ಲದಿದ್ದರೂ ಬೇಸರ ಬೇಡ. ರೈಸ್ ಅವರ ಕಣ್ಣಿಗೆ ಬೀಳದ ಎಷ್ಟೋ ಕಲ್ಲುಗಳಿವೆ. ಕೋಲಾರಕ್ಕೂ ತುಮಕೂರಿಗೂ ಆಮೇಲೆ ಪೂರಕ ಸಂಪುಟಗಳು ಬಂದಿವೆ. ಎಷ್ಟೋ ವೀರಗಲ್ಲುಗಳಲ್ಲಿ ಅಕ್ಷರವೇ ಇರುವುದಿಲ್ಲ, ಚಿತ್ರ ಮಾತ್ರ. ನಿಮ್ಮೂರದು ಹಾಗಿದ್ದರೂ ಇರಬಹುದು.

ಅಕ್ಷರ ಕಾಣಿಸುತ್ತಿಲ್ಲ ಅಂತ ಸುಣ್ಣ, ಅರಿಶಿನ, ಸೀಮೆಸುಣ್ಣ ಬಳಿಯಬೇಡ. ಕಬ್ಬಿಣದ ಬ್ರಷ್ ಹಾಕಲೇಬೇಡ. ನೀರು ಸುರಿದು ಮೆತ್ತನೆ ಬ್ರಷ್ಷಿನಲ್ಲಿ ತೊಳೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿ. ಬೆಳಕು ಅಡ್ಡ ಬಿದ್ದರೆ ಗೀರುಗಳಲ್ಲಿ ನೆರಳು ಕೂರುತ್ತದೆ. ಹಗಲಲ್ಲಿ ಬೋಳಾಗಿ ಕಾಣುವ ಕಲ್ಲು ರಾತ್ರಿ ಮಾತಾಡುತ್ತದೆ.

ಪಡಿಯಚ್ಚು ಹೇಗೆ ತೆಗೆಯುತ್ತಾರೆ ಅಂತಲೂ ಹೇಳಿಬಿಡುತ್ತೇನೆ, ಪಿನಾಕಿನಿ ಸರ್ ಆ ಕೆಲಸದವರನ್ನು ನೆನೆಸಿಕೊಂಡರಲ್ಲ. ತೊಳೆದ ಕಲ್ಲಿಗೆ ಒದ್ದೆ ಕಾಗದ ಹಾಸುತ್ತಾರೆ. ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತಾ ಹೋಗುತ್ತಾರೆ. ಕಾಗದ ಅಕ್ಷರದ ಗುಳಿಯೊಳಗೆ ಇಳಿಯಬೇಕು, ಹರಿಯಬಾರದು. ಅರ್ಧ ಒಣಗಿದಾಗ ಬಟ್ಟೆ ಉಂಡೆಗೆ ಮಸಿ ಹಚ್ಚಿ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ನಾನು ಒಂದು ಸಲ ಮಾಡಲು ಹೋಗಿ ಗಾಳಿಗೆ ಮೂರು ಹಾಳೆ ಹರಿದವು. ಬಿಸಿಲು ಜಾಸ್ತಿಯಾದರೆ ಕಾಗದ ಬೇಗ ಒಣಗಿ ಎದ್ದುಬಿಡುತ್ತದೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಮುಟ್ಟುವ ಅಗತ್ಯವೇ ಇಲ್ಲ.

ಅವರೆ ಹೊಲ
ಮಂಗಳವಾರ, ಬೆಳಿಗ್ಗೆ 6:30

ಚಿಂತಾಮಣಿ ಕಡೆಯವಳು. ಎಲ್ಲ ಓದಿದೆ. ನಮ್ಮೂರ ಕಥೆ ಹೇಳಿದರೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮೂರ ಬಾಗಿಲಲ್ಲಿ ಒಂದು ಬರಹದ ಕಲ್ಲಿತ್ತು. ನಾವು ಮಕ್ಕಳಾಗಿದ್ದಾಗ ಅದಕ್ಕೆ ಒರಗಿಕೊಂಡೇ ಬಸ್ಸಿಗೆ ಕಾಯುತ್ತಿದ್ದೆವು. ಅಕ್ಷರಗಳ ಮೇಲೆ ಬೆರಳು ಆಡಿಸುತ್ತಿದ್ದೆ. ಒಂದು ಅಕ್ಷರ ಸುರುಳಿ ಸುತ್ತಿದ ಬಸವನಹುಳದ ಹಾಗೆ ಇತ್ತು. ರಸ್ತೆ ಅಗಲ ಮಾಡುವಾಗ ಒಂದು ಬೆಳಿಗ್ಗೆ ಜೆಸಿಬಿ ಬಂತು. ನಾನು ಆಗ ಗಂಡನ ಮನೆಯಲ್ಲಿದ್ದೆ. ಹಬ್ಬಕ್ಕೆ ಬಂದಾಗ ಕಲ್ಲು ಇರಲಿಲ್ಲ. ಎಲ್ಲಿ ಹೋಯಿತು ಅಂದರೆ ಯಾರಿಗೂ ಗೊತ್ತಿಲ್ಲ. ಚರಂಡಿಗೆ ಹಾಕಿದರು ಅಂತ ಒಬ್ಬರು, ಟ್ರ್ಯಾಕ್ಟರಿನಲ್ಲಿ ಹೋಯಿತು ಅಂತ ಇನ್ನೊಬ್ಬರು.

ನಿನ್ನೆ ರಾತ್ರಿ ಕುವಲಾಲ ಸರ್ ಹೇಳಿದ ಹಾಗೆ ಪುಸ್ತಕ ತೆರೆದು ನೋಡಿದೆ. ಇದೆ. ನಮ್ಮೂರ ಹೆಸರು, ಊರ ಬಾಗಿಲು, ಎಂಟು ಸಾಲು. ಯಾರೋ ಕೆರೆಗೆ ಭೂಮಿ ಬಿಟ್ಟದ್ದು. ಕೊನೆಯಲ್ಲಿ ಇದನ್ನು ಹಾಳು ಮಾಡಿದವನಿಗೆ ಪಾಪ ತಟ್ಟಲಿ ಅಂತ ಇದೆ. ಕಲ್ಲು ಹೋಯಿತು, ಈ ಎಂಟು ಸಾಲು ಉಳಿಯಿತು. ಆ ಪುಣ್ಯಾತ್ಮ ಯಾವ ಮತದವನಾದರೂ ಆಗಲಿ, ನಮ್ಮೂರ ಬಾಗಿಲಿಗೆ ಬಂದು ಬರೆದುಕೊಂಡು ಹೋದನಲ್ಲ. ಅತ್ತುಬಿಟ್ಟೆ.

ಪಿನಾಕಿನಿ ದಂಡೆ
ಮಂಗಳವಾರ, ಬೆಳಿಗ್ಗೆ 8:50

ಅಕ್ಕ, ನಿಮ್ಮ ಮಾತು ಓದಿ ಸುಮ್ನೆ ಕೂತಿದ್ದೆ.

ನನ್ನ ಪ್ರಶ್ನೆಯನ್ನು ನಾನು ಬಿಡುವುದಿಲ್ಲ. ಆದರೆ ಅದನ್ನು ಸ್ವಲ್ಪ ತಿರುಗಿಸಿ ಕೇಳಿಕೊಂಡೆ. ಕಲ್ಲು ಉಜ್ಜಿದವರ ಹೆಸರು ಉಳಿಯಲಿಲ್ಲ ಅಂತ ನಾನು ಸಿಟ್ಟಾಗಿದ್ದೆ. ಈಗ ನಮ್ಮೂರಲ್ಲಿ ಕಲ್ಲು ಕಾಯುತ್ತಿರುವವರ ಹೆಸರನ್ನಾದರೂ ನಾನು ಬರೆದಿಟ್ಟಿದ್ದೇನಾ? ಇಲ್ಲ. ನಮ್ಮ ಪಕ್ಕದೂರಲ್ಲಿ ಒಬ್ಬರು ಹೊಲದ ಬದುವಿನಲ್ಲಿ ವೀರಗಲ್ಲು ಇದೆ ಅಂತ ಆ ಜಾಗ ಉಳದೆ ಬಿಟ್ಟಿದ್ದಾರೆ. ಅವರ ಅಪ್ಪನೂ ಉಳುತ್ತಿರಲಿಲ್ಲವಂತೆ, ತಾತನೂ ಉಳುತ್ತಿರಲಿಲ್ಲವಂತೆ. ಅದೂ ಒಂದು ಮನೆತನದ ಸೇವೆಯೇ. ಈ ವಾರ ಹೋಗಿ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುತ್ತೇನೆ.

ಸಭೆ ಮನೆ
ಮಂಗಳವಾರ, ಸಂಜೆ 5:20

ಮೇಷ್ಟ್ರು ಎಡ್ವರ್ಡ್ ರೈಸ್ ಬಗ್ಗೆ ಕೇಳಿದ್ದರು. ಅಣ್ಣನನ್ನು ವಿಚಾರಿಸಿದೆ. ಲಂಡನ್ ಮಿಷನ್ನಿನ ಕಾಗದಪತ್ರಗಳು ಈಗ ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಪಾದ್ರಿಗಳು ಇಲ್ಲಿಂದ ಬರೆದ ವರ್ಷದ ವರದಿಗಳು, ಪತ್ರಗಳು ಎಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಹಳೇ ದಾಖಲೆಗಳ ಸಂಗ್ರಹ ಇದೆ. ಹತ್ತಿರ ಅದೇ ಆಗುತ್ತದೆ. 1947ರಲ್ಲಿ ಲಂಡನ್ ಮಿಷನ್ನಿನ ಸಭೆಗಳು, ತುಮಕೂರು ಕಡೆಯ ವೆಸ್ಲಿಯನ್ ಸಭೆಗಳು ಎಲ್ಲ ಸೇರಿ ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆ ಆಯಿತು. ಹಾಗಾಗಿ ಗುಬ್ಬಿಯ ದಾಖಲೆಯೂ ನಮ್ಮದೂ ಈಗ ಒಂದೇ ಮನೆಯವು.

ಸಭೆಯ ದೀಕ್ಷಾಸ್ನಾನದ ರಿಜಿಸ್ಟರನ್ನು ಅಣ್ಣ ನಿನ್ನೆ ತೆಗೆದು ನೋಡಿದ. ಹಳೆಯ ಪುಟದಲ್ಲಿ ನಮ್ಮ ಅಜ್ಜನ ಹೆಸರಿದೆ. ತಂದೆಯ ಕಸುಬು ಅನ್ನುವ ಕಡೆ ಉಪದೇಶಿ ಅಂತ ದುಂಡಗೆ ಬರೆದಿದೆ. ಅಮ್ಮನಿಗೆ ಫೋಟೋ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ಇನ್ನೊಂದು ಯೋಚನೆ ಬಂತು. ಅಣ್ಣ ತಮ್ಮ ಇಬ್ಬರೂ ಬೆಳೆದದ್ದು ಅಪ್ಪ ದಿನಾ ಕನ್ನಡದಲ್ಲಿ ಬೋಧಿಸಿ, ಕನ್ನಡದಲ್ಲಿ ತಿದ್ದಿ ಬರೆಯುತ್ತಿದ್ದ ಮನೆಯಲ್ಲಿ. ಒಬ್ಬರು ಕಲ್ಲಿನ ಕನ್ನಡಕ್ಕೆ ಹೋದರು, ಇನ್ನೊಬ್ಬರು ಕಾವ್ಯದ ಕನ್ನಡಕ್ಕೆ. ನಮ್ಮ ಮುತ್ತಜ್ಜ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದೂ ಅದೇ ಆಸೆಯಿಂದಲೇ ಅಂತ ನನಗೆ ಅನ್ನಿಸುತ್ತದೆ. ಕೇಳುವವರಿಗೆ ಅರ್ಥ ಆಗಬೇಕು ಅಂತ.

ಗುಬ್ಬಿ ಸಂತೆ
ಮಂಗಳವಾರ, ರಾತ್ರಿ 8:00

ಅಕ್ಕ, ಕಡತದ ಫೋಟೋ ತೆಗೆದೆ. ಒಂಬತ್ತು ಮಡಿಕೆ ಬಂತು. ನಮ್ಮ ಅಕ್ಕ ಆಫೀಸಿನಿಂದ ಬಂದು ಓದಿದಳು. ಕೊನೆಯ ಮಡಿಕೆಯಲ್ಲಿ ಲೆಕ್ಕ ಅಲ್ಲ, ಮಗುವಿನ ಕೈಬರಹದಲ್ಲಿ ಅ ಆ ಇ ಈ ಇದೆ. ತಾತ ಕಲಿತದ್ದೋ, ಅವರ ತಮ್ಮನೋ.

ನಂದಿ ತಪ್ಪಲು
ಭಾನುವಾರ, ರಾತ್ರಿ 10:05

ಇವತ್ತು ನಮ್ಮೂರ ಕಲ್ಲಿನ ಹತ್ತಿರ ಸೇರಿದ್ದೆವು. ಕುವಲಾಲ ಸರ್ ಕೋಲಾರದಿಂದ ಬಂದರು. ಸಭೆ ಮನೆಯ ಮೇಡಂ ಅಮ್ಮನನ್ನೂ ಕರೆತಂದರು. ಶಿಡ್ಲಘಟ್ಟದ ಹುಡುಗ ಬೈಕಿನಲ್ಲಿ ಬಂದ. ಪಿನಾಕಿನಿ ಸರ್ ನೋಟ್‌ಬುಕ್ ಹಿಡಿದುಕೊಂಡು ಬಂದವರು ಮೊದಲು ಡೈರಿ ಸೆಕ್ರೆಟರಿ ಹೆಸರು ಬರೆದುಕೊಂಡರು. ಕಲ್ಲಿನ ಮೇಲೆ ಕ್ಯಾನು ಇಡದ ಹಾಗೆ ಇಷ್ಟು ವರ್ಷ ನೋಡಿಕೊಂಡವರು ಅವರೇ.

ಎರಡು ಬಿಂದಿಗೆ ನೀರು ಸುರಿದು ತೊಳೆದೆವು. ಎಣ್ಣೆ ಜಿಡ್ಡು ಪೂರ್ತಿ ಹೋಗಲಿಲ್ಲ, ಇರಲಿ ಅಂತ ಬಿಟ್ಟೆವು. ಏಳು ಗಂಟೆಗೆ ಕತ್ತಲಾಯಿತು. ಹುಡುಗ ಟಾರ್ಚ್ ಹಿಡಿದು ಕಲ್ಲಿನ ಪಕ್ಕ ಕೂತ. ಮೊದಲು ಬಿಲ್ಲು ಹಿಡಿದ ಕೈ ಕಾಣಿಸಿತು. ಕಾಲಿನ ಹತ್ತಿರ ಎರಡು ದನ. ಅದರ ಮೇಲೆ ಅಕ್ಷರ. ತು ನಾನು ಓದಿದೆ, ಱು ಹುಡುಗನಿಗೆ ತೋರಿಸಿದೆ. ಈ ಅಕ್ಷರ ನಾವು ಈಗ ಬರೆಯುವುದಿಲ್ಲ ಅಂತ ಹೇಳಿದೆ. ಅವನು ಮಣ್ಣಿನ ಮೇಲೆ ಬೆರಳಲ್ಲಿ ಬರೆದು ನೋಡಿದ.

ಮಣ್ಣಿನ ಅಂಚಿನಲ್ಲಿ ಪುಸ್ತಕದಲ್ಲಿ ಇಲ್ಲದ ಒಂದು ಸಾಲಿನ ತಲೆ ಕಾಣುತ್ತದೆ. ಕ, ಅದರ ಪಕ್ಕ ಲ್ನಾ ಇದ್ದ ಹಾಗಿದೆ. ಕಲ್ನಾಡು ಇರಬಹುದು ಅಂತ ಕುವಲಾಲ ಸರ್ ಹೇಳುತ್ತಾರೆ. ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿ. ಅಗೆಯಲು ಎಲ್ಲರ ಕೈ ತುರಿಸಿತು, ಅಗೆಯಲಿಲ್ಲ. ಪುರಾತತ್ವ ಇಲಾಖೆಗೆ ಅರ್ಜಿ ಬರೆದಿದ್ದೇವೆ, ಪಂಚಾಯಿತಿಗೆ ಒಂದು ಪ್ರತಿ. ಸರ್ವೆ ನಂಬರು ಹಾಕಿ ಅರ್ಜಿಯನ್ನು ಸರಿಯಾಗಿ ಬರೆದುಕೊಟ್ಟವರು ಸಭೆ ಮನೆಯ ಮೇಡಂ.

ಅವರ ಅಮ್ಮ ಹೊರಡುವಾಗ ಕಲ್ಲಿನ ನೆತ್ತಿ ಮುಟ್ಟಿ, "ನಮ್ಮ ತಾತ ಈ ದಾರಿಯಲ್ಲೇ ನಡೆದು ಹೋಗ್ತಿದ್ರು" ಅಂದರು.

ಮುಂದಿನ ಭಾನುವಾರ ಶಿಡ್ಲಘಟ್ಟ, ಹುಡುಗನ ಊರ ಕೆರೆ ಏರಿ. ಸಂಜೆ ಐದಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ಅವರೆ ಹೊಲದ ಅಕ್ಕನವರೂ ಬರುತ್ತೇನೆ ಅಂದಿದ್ದಾರೆ. ಟಾರ್ಚ್ ಎರಡು ಬೇಕು, ಒಂದರ ಸೆಲ್ ಇವತ್ತು ಅರ್ಧಕ್ಕೇ ಹೋಯಿತು.